ಬೆಕ್ಕಿಲ್ಲದ ಮನೆಯ ಕೌದಿ

ಮುಂಗಾಣಿ ಸದ್ದು ಮಾಡದೆ ಕೆಲಸ ಮಾಡುತ್ತಿತ್ತು. ಊಟದ ಡಬ್ಬಿಯಷ್ಟು ಗಾತ್ರದ ಬಿಳಿಯ ಪೆಟ್ಟಿಗೆ ಅದು. ಮಗುವಿನ ಕೆನ್ನೆಯ ಒಳಗೆ ಒಮ್ಮೆ ಆಡಿಸಿದ ಹತ್ತಿಯ ಕಡ್ಡಿಯನ್ನು ಅದರ ಬಾಯಿಗೆ ಕೊಟ್ಟರೆ, ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ನೆತ್ತಿಯ ದೀಪ ಹೊತ್ತಿಕೊಳ್ಳುತ್ತಿತ್ತು. ಹಸಿರು ಹೊತ್ತಿದರೆ ತಾಯಂದಿರು ಮಗುವಿನ ಕೆನ್ನೆ ಹಿಂಡಿ ನಗುತ್ತ ಎದ್ದು ಹೋಗುತ್ತಿದ್ದರು. ಹಳದಿ ಹೊತ್ತಿದರೆ ಕುಳಿತು ಒಂದೆರಡು ಪ್ರಶ್ನೆ ಕೇಳುತ್ತಿದ್ದರು. ಕೆಂಪು ಹೊತ್ತಿದವರು ಮಾತ್ರ ಏನನ್ನೂ ಕೇಳುತ್ತಿರಲಿಲ್ಲ.

ದಾಕ್ಷಾಯಿಣಿಯೂ ಕೇಳಲಿಲ್ಲ. ಅವಳ ತೊಡೆಯ ಮೇಲೆ ಕುಳಿತಿದ್ದ ಆರು ವರ್ಷದ ಇಂಚರಾ ಕಾಲು ಕುಣಿಸಿ ಕೂಗಿದಳು: "ಅವ್ವಾ, ನಂದು ಕೆಂಪು ಬಂತು! ಉಳಿದವರಿಗೆಲ್ಲಾ ಬರೇ ಹಸಿರು!"

ನಾಯಿ, ಬೆಕ್ಕು, ಮೊಲಗಳ ಮೈಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟು ಸದಾ ಉದುರುತ್ತಿರುತ್ತದೆ. ಕೆಲವು ಮಕ್ಕಳ ದೇಹ ಈ ಮೈಹೊಟ್ಟನ್ನು ಧೂಳೆಂದು ಬಿಟ್ಟುಬಿಡದೆ ಶತ್ರುವೆಂದು ತಿಳಿದು ಕಾದಾಟಕ್ಕೆ ನಿಲ್ಲುತ್ತದೆ. ಅದೇ ಅಲರ್ಜಿ. ಕೆಲವರಿಗೆ ನಾಲ್ಕು ಸೀನು ಬಂದು ಮುಗಿಯುತ್ತದೆ, ಕೆಲವರಿಗೆ ಗಂಟಲು ಊದಿ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಯಾರ ಪಾಲಿಗೆ ಯಾವುದು ಎಂಬುದು ಮೊದಲೆಲ್ಲ ಆಗಬಾರದ್ದು ಆದ ಮೇಲೆಯೇ ತಿಳಿಯುತ್ತಿತ್ತು. ಅದರ ಗುರುತುಗಳು ಹುಟ್ಟುವಾಗಲೇ ವಂಶವಾಹಿಗಳಲ್ಲಿ ಬರೆದಿರುತ್ತವೆಂದು ಕಂಡುಕೊಂಡ ವಿಜ್ಞಾನಿಗಳ ಗುಂಪಿನಲ್ಲಿ ಡಾ. ವತ್ಸಲಾ ಇನಾಮದಾರ ಒಬ್ಬರು. ಈ ತೀವ್ರತಾ ಗುರುತುಗಳನ್ನು ಓದುವ ಮುಂಗಾಣಿಯನ್ನು ಗದಗಿಗೆ ತಂದವರೂ ಅವರೇ. ಜನ ಶ್ವಾಸಾಲಯವೆಂದು ಕರೆಯುತ್ತಿದ್ದ ಮಕ್ಕಳ ಆಸ್ಪತ್ರೆಯಲ್ಲಿ ಅವರ ಕೋಣೆಯ ಮುಂದೆ ಪ್ರತಿದಿನ ಸಾಲು ನಿಲ್ಲುತ್ತಿತ್ತು.

"ಹೆದರಸ್ಲಿಕ್ಕೆ ಹೇಳ್ತಿಲ್ಲ ನಾನು," ಎಂದರು ವತ್ಸಲಾ. "ಆದ್ರ ಹೇಳಲಾರದ ಇರ್ಲಿಕ್ಕೂ ಬರೂದಿಲ್ಲ. ಒಂಬತ್ತು ಮೆಟ್ಟಿಲಿನೊಳಗ ನಿಮ್ಮ ಮಗಳದು ಎಂಟನೇದು. ಮನ್ಯಾಗ ಏನರ ಸಾಕೀರೇನು?"

"ಒಂದು ಬೆಕ್ಕು ಐತ್ರಿ. ಬೆಣ್ಣಿ ಅಂತ."

"ಅದನ್ನ ಇವತ್ತೇ ಎಲ್ಲರ ಕಳಸ್ರಿ."

"ಅಲ್ರೀ ಮೇಡಮ್ಮಾರ, ಇಕಿ ಹುಟ್ಟಿದಾಗಿಂದ ಆ ಬೆಕ್ಕಿನ ಜೋಡೀನ ಬೆಳದಾಳ್ರಿ. ಒಂದು ಸೀನು ಸೈತ ಬಂದಿಲ್ಲ."

ವೈದ್ಯೆ ಹತ್ತಿಯ ಕಡ್ಡಿಯನ್ನು ಬುಟ್ಟಿಗೆ ಎಸೆಯುತ್ತ ಮೆಲ್ಲಗೆ ಹೇಳಿದರು: "ಇನ್ನೂತನಕ ಬಂದಿಲ್ಲ."

ಆ ಮಾತು ದಾಕ್ಷಾಯಿಣಿಯ ಜೊತೆಯಲ್ಲೇ ಮನೆಗೆ ಬಂತು. ಅವಳು ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ ನಡೆಸುವವಳು. ಗಂಡ ಗೂಡ್ಸ್ ರೈಲಿನ ಚಾಲಕ, ವಾರದಲ್ಲಿ ಮನೆಯಲ್ಲಿರುವುದು ಕಡಿಮೆ. ಮನೆ, ಅಂಗಡಿ, ಅತ್ತೆ, ಮಗಳು ಎಲ್ಲವನ್ನೂ ಒಂದೇ ಕೈಯಲ್ಲಿ ತೂಗಿಸಿಕೊಂಡು ಬಂದಿದ್ದಳು. ಕುಡಿದು ಬಂದ ಗಿರಾಕಿಯನ್ನು ರೊಟ್ಟಿ ಬಡಿಯುವ ಕೈಯಲ್ಲೇ ಹೊರಗೆ ದಬ್ಬಿದ್ದುಂಟು. ಆದರೆ ಅಂದು ಒಳಗೆ ಕಾಲಿಟ್ಟಾಗ, ಬಿಸಿಲು ಬಿದ್ದ ಕೌದಿಯ ಮೇಲೆ ಹೊಟ್ಟೆ ಮೇಲು ಮಾಡಿ ಮಲಗಿದ್ದ ಬೆಕ್ಕನ್ನು ಕಂಡು ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ನಿನ್ನೆಯವರೆಗೆ ಹಾಲು ಹಾಕಿ ಸಾಕಿದ ಪ್ರಾಣಿ. ಮಗಳು ಅದರ ಹೊಟ್ಟೆಗೆ ಮುಖ ಒತ್ತಲು ಓಡಿದಳು. ದಾಕ್ಷಾಯಿಣಿ ಅವಳ ಜಡೆ ಹಿಡಿದೇ ಎಳೆದಳು.

ಒಲೆಯ ಮುಂದಿದ್ದ ಅತ್ತೆ ಗಂಗವ್ವ ತಿರುಗಿ ನೋಡಿದಳು. "ಯಾಕ ಹಂಗ ಎಳೀತೀ ಕೂಸನ್ನ? ದೆವ್ವ ಕಂಡೇನು?"

"ದೆವ್ವ ಆಗಿದ್ರ ಛಲೋ ಇತ್ರಿ ಅತ್ತಿ," ಎಂದು ಅವಳು ಎಲ್ಲವನ್ನೂ ಹೇಳಿದಳು.

"ಡಬ್ಬಿ ಹೇಳ್ತಂತ ಬೆಕ್ಕು ಬಿಡೂದು ಎಲ್ಲೆರ ಐತೇನ? ಆರು ವರ್ಷ ಏನೂ ಆಗಲಾರದ್ದು ಇನ್ನೇನಾಗ್ತದ?"

"ಇನ್ನೂತನಕ ಆಗಿಲ್ರಿ," ಎಂದಳು ದಾಕ್ಷಾಯಿಣಿ. ಅದು ವೈದ್ಯೆಯ ಮಾತೆಂಬುದು ಅವಳಿಗೇ ನೆನಪಿರಲಿಲ್ಲ.

ಮರುದಿನ ಇಂಚರಾ ಶಾಲೆಗೆ ಹೋದ ಮೇಲೆ ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿ ಮುಚ್ಚಿಕೊಂಡು ಊರಾಚೆಯ ಹತ್ತಿ ಗಿರಣಿಯ ಬಳಿ ಬಿಟ್ಟುಬಂದಳು. ಗಿರಣಿಯಲ್ಲಿ ಇಲಿಗಳಿವೆ, ಹೊಟ್ಟೆಗೆ ತೊಂದರೆಯಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಸಂಜೆ ಮಗಳು ಮಂಚದ ಕೆಳಗೆಲ್ಲ ಹುಡುಕಿ ಅಳತೊಡಗಿದಾಗ ಬಾಯಿಗೆ ಬಂದದ್ದನ್ನು ಹೇಳಿದಳು: "ಬೆಣ್ಣಿ ತವರಿಗೆ ಹೋಗ್ಯಾಳವ್ವಾ. ಹಡೀಲಾಕ."

"ಯಾವಾಗ ಬರ್ತಾಳ?"

"ಬಾಣಂತನ ಮುಗಿದ ಮ್ಯಾಲ."

ಮನೆಯನ್ನು ತೊಳೆದದ್ದೇ ತೊಳೆದದ್ದು. ಗಾದಿಗಳನ್ನು ಹೊರಗೆ ಹಾಕಿದಳು, ಪರದೆಗಳನ್ನು ಕುದಿನೀರಿನಲ್ಲಿ ಅದ್ದಿದಳು, ಗೋಡೆಗೆ ಸುಣ್ಣ ಬಳಿಸಿದಳು. ಕೊನೆಗೆ ಕೈ ಕೌದಿಗೆ ಹೋಯಿತು. ಅದು ಗಂಗವ್ವ ಹೊಲಿದದ್ದು. ಅವಳ ತಾಯಿಯ ಇಳಕಲ್ ಸೀರೆ, ಸತ್ತ ಗಂಡನ ಧೋತರ, ಸೊಸೆಯ ಮದುವೆಯ ಸೀರೆಯ ಹರಿದ ಸೆರಗು ಎಲ್ಲ ಸೇರಿದ್ದ ಅರಿವೆಯ ರಾಶಿ. ಇಂಚರಾ ಹುಟ್ಟಿದಾಗ ಅವಳನ್ನು ಸುತ್ತಿದ್ದೂ ಅದರಲ್ಲೇ. ನೂಲು ಹಳತಾಗಿ ಒಗೆದರೆ ಬಿಚ್ಚಿಹೋಗುವಂತಿತ್ತು, ಬಿಸಿಲಿಗೆ ಹಾಕಿ ಕೊಡವುವುದಷ್ಟೇ ರೂಢಿ.

"ಇದನ್ನ ಸುಟ್ಟುಬಿಡೂಣ್ರಿ."

"ಸುಡ್ತಾಳಂತ!" ಗಂಗವ್ವ ಕೌದಿಯನ್ನು ಎದೆಗೆ ಅವಚಿಕೊಂಡಳು. "ಕೊನೀ ಹೊಲಿಗಿ ಹಾಕೂ ಮುಂದ ಇದರ ಹೊಟ್ಟ್ಯಾಗ ರೊಟ್ಟಿ ತುಣುಕು ಇಟ್ಟು ಹೊಲದೀನಿ ನಾನು. ಉಣಿಸಿದ್ದನ್ನ ಯಾರರ ಸುಡ್ತಾರೇನ?"

ಆ ಮನೆಯ ಪದ್ಧತಿ ಅದು. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದೇ ಇರುತ್ತಾರೆಂದು ಗಂಗವ್ವನ ನಂಬಿಕೆ. ದಾಕ್ಷಾಯಿಣಿಗೆ ಜಗಳಾಡುವಷ್ಟು ತ್ರಾಣ ಉಳಿದಿರಲಿಲ್ಲ. ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದರೆ ಸಾಕೆಂದಳು. ಬೇವಿನ ಎಲೆಯ ಜೊತೆ ಕೌದಿ ಟ್ರಂಕು ಸೇರಿತು, ಆಮೇಲೆ ಅದರ ನೆನಪು ಯಾರಿಗೂ ಆಗಲಿಲ್ಲ.

ಊರಿನಲ್ಲಿ ಕೆಂಪು ದೀಪದ ಮಕ್ಕಳು ಹೆಚ್ಚುತ್ತ ಹೋದರು. ಶಾಲೆಯ ಕಾವಲಿಗಿದ್ದ ನಾಯಿ ಒಂದು ದಿನ ಕಾಣೆಯಾಯಿತು. ಹಸಿರು ದೀಪದವರೂ ನೆರೆಮನೆಯ ಮಗುವಿಗೆ ಹೆದರಿ ಬೆಕ್ಕುಗಳನ್ನು ಬಿಟ್ಟುಬಂದರು. ಖಾನಾವಳಿಯ ಜೋಳದ ಚೀಲಗಳಿಗೆ ಇಲಿಗಳು ಹಗಲಿನಲ್ಲೇ ಬರತೊಡಗಿದವು. ದಾಕ್ಷಾಯಿಣಿ ಅವುಗಳನ್ನು ನೋಡಿಯೂ ನೋಡದಂತಿದ್ದಳು. ಮಗಳು ಕೆಮ್ಮಿದರೆ ಅವಳ ಕೈಯ ಹಿಟ್ಟು ಅಲ್ಲೇ ನಿಲ್ಲುತ್ತಿತ್ತು. ಮಗಳು ಮಲಗಿದಾಗ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದಳು.

"ಅವ್ವಾ, ಬೆಣ್ಣಿ ಬಾಣಂತನ ಇನ್ನೂ ಮುಗೀಲಿಲ್ಲೇನು?" ಎಂದು ಇಂಚರಾ ಆಗಾಗ ಕೇಳುತ್ತಿದ್ದಳು. "ಚಿಗವ್ವಂದು ಮುಗದು ಹೋತಲ್ಲ?"

ಚಳಿಗಾಲ ಬಂತು. ಒಂದು ಮಧ್ಯಾಹ್ನ ಇಂಚರಾ ನೆಗಡಿಯಿಂದ ನಡುಗುತ್ತ ಶಾಲೆಯಿಂದ ಬೇಗ ಮನೆಗೆ ಬಂದಳು. ದಾಕ್ಷಾಯಿಣಿ ಮುಂದಿನ ಕೋಣೆಯಲ್ಲಿ ಗಿರಾಕಿಗಳಿಗೆ ಬಡಿಸುತ್ತಿದ್ದಳು. ಮೊಮ್ಮಗಳ ಕೈ ತಣ್ಣಗಿದ್ದುದನ್ನು ಮುಟ್ಟಿ ನೋಡಿದ ಗಂಗವ್ವ ಟ್ರಂಕು ತೆಗೆದಳು. ಹೊಸ ರಗ್ಗುಗಳು ಮೈಗೆ ಒರಟು ಎಂದು ಅವಳ ತಕರಾರು ಮೊದಲಿನಿಂದಲೂ ಇತ್ತು. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಮಗುವಿಗೆ ಹೊದಿಸಿದಳು. ಇಂಚರಾ ಅದನ್ನು ಮುಖದವರೆಗೆ ಎಳೆದುಕೊಂಡು ಜೋರಾಗಿ ಉಸಿರೆಳೆದಳು.

"ಆಯೀ! ಬೆಣ್ಣಿ ವಾಸನಿ!"

ಆ ಖುಷಿಯ ಕೂಗು ಅಡುಗೆಮನೆ ದಾಟಿ ದಾಕ್ಷಾಯಿಣಿಯ ಕಿವಿಗೆ ಬಿತ್ತು. ಬೆಣ್ಣಿ ಎಂಬ ಹೆಸರು ಕೇಳಿ ಅವಳು ಸಾರಿನ ಸೌಟು ಹಿಡಿದೇ ಒಳಗೆ ಓಡಿದಳು. ಅಷ್ಟರಲ್ಲಿ ಮಗು ಎದ್ದು ಕುಳಿತಿತ್ತು. ಮೊದಲು ಕೆಮ್ಮು. ಆಮೇಲೆ ಸಿಳ್ಳೆಯಂಥ ಸದ್ದು. ಕಣ್ಣಿನ ರೆಪ್ಪೆಗಳು ಊದಿ ಮುಚ್ಚಿಕೊಂಡವು. ತುಟಿ ದಪ್ಪವಾಗಿ ನೇರಳೆ ಬಣ್ಣಕ್ಕೆ ತಿರುಗಿತು. ಇಂಚರಾ ತಾಯಿಯ ಸೆರಗು ಹಿಡಿದು ಏನೋ ಹೇಳಲು ಹೋದಳು, ಬಾಯಿ ತೆರೆಯಿತೇ ಹೊರತು ಸ್ವರ ಬರಲಿಲ್ಲ.

ಆಟೋಗಳು ಚಾಲಕರಿಲ್ಲದೆ ತಾವೇ ಓಡುವ ಕಾಲ ಅದು. ಮಗುವನ್ನು ಎತ್ತಿಕೊಂಡು ಕುಳಿತವಳು "ಶ್ವಾಸಾಲಯ, ಲಗೂನ, ಲಗೂನ!" ಎಂದು ಕಿರುಚಿದಳು. ಆಟೋ ತನ್ನ ನಿಯಮದ ವೇಗದಲ್ಲೇ ಹೊರಟಿತು. ಖಾಲಿ ರಸ್ತೆಯ ಕೆಂಪು ಸಿಗ್ನಲ್ಲಿನಲ್ಲಿ ಬಂದು ನಿಂತಿತು. ಅಡ್ಡ ಬರುವವರು ಒಬ್ಬರೂ ಇಲ್ಲ. ದಾಕ್ಷಾಯಿಣಿ ಸೀಟನ್ನು ಗುದ್ದಿದಳು, ಬೈದಳು, ಕೊನೆಗೆ ಆ ಯಂತ್ರಕ್ಕೆ "ನಿನ್ನ ಕಾಲ್ ಬೀಳ್ತೀನಪ್ಪಾ" ಎಂದು ಕೈಮುಗಿದಳು. ತೊಡೆಯ ಮೇಲಿನ ಎದೆಗೂಡು ಏಳಲು ಹೆಣಗುತ್ತಿತ್ತು, ಏಳುತ್ತಿರಲಿಲ್ಲ. ಸಿಗ್ನಲ್ ತನ್ನ ಹೊತ್ತು ಮುಗಿದ ಮೇಲೆಯೇ ಹಸಿರಾಯಿತು.

ಶ್ವಾಸಾಲಯದ ಬಾಗಿಲಲ್ಲೇ ಒಬ್ಬ ನರ್ಸ್ ಮಗುವಿನ ತೊಡೆಗೆ ಉಸಿರು ಬಿಡಿಸುವ ಮದ್ದಿನ ಸೂಜಿ ಚುಚ್ಚಿದಳು. ಕೊಳವೆ, ಮುಖವಾಡ, ಓಡುವ ಕಾಲುಗಳು. ತುಂಬ ಹೊತ್ತಿನ ಮೇಲೆ ಪರದೆಯ ಆಚೆಯಿಂದ ಕೀರಲು ಅಳು ಕೇಳಿದಾಗ ದಾಕ್ಷಾಯಿಣಿ ನೆಲದ ಮೇಲೆ ಕುಸಿದು ಕುಳಿತಳು. ಸಾರಿನ ಸೌಟು ಇನ್ನೂ ಅವಳ ಕೈಯಲ್ಲೇ ಇತ್ತು.

"ಮುಂಗಾಣಿ ಹೇಳಿದ್ದು ಖರೇ ಆತು ನೋಡ್ರಿ," ಎಂದು ಸಾಲಿನಲ್ಲಿದ್ದ ಯಾರೋ ಪಿಸುಗುಟ್ಟಿದರು.

ಡಾ. ವತ್ಸಲಾ ಹೊರಗೆ ಬಂದರು. "ಪಾರಾದ್ಲು. ಇನ್ನ ಅಂಜಬ್ಯಾಡ್ರಿ. ಆದ್ರ ಬೆಕ್ಕು ಮತ್ತ ಎಲ್ಲಿಂದ ಬಂತು? ಕಳಸ್ರಿ ಅಂತ ಹೇಳಿದ್ನೆಲ್ಲ?"

"ಬೆಕ್ಕಿಲ್ರೀ ಮನ್ಯಾಗ! ಎಂದೋ ಬಿಟ್ಟು ಬಂದೀನಿ." ಆಗಷ್ಟೇ ಬಂದು ಮುಟ್ಟಿದ್ದ ಗಂಗವ್ವನತ್ತ ದಾಕ್ಷಾಯಿಣಿ ಸೌಟು ತೋರಿಸಿದಳು. "ಇವರನ್ನ ಕೇಳ್ರಿ. ಸುಡೂಣು ಅಂದ್ರ ಸುಡಲಿಲ್ಲ. ಬೆಕ್ಕು ಮಲಗತಿದ್ದ ಕೌದಿ ತಗದು ನನ್ನ ಮಗಳಿಗೆ ಹೊಚ್ಯಾರ. ನನ್ನ ಮಗಳನ್ನ ಕೊಲ್ಲಾಕ ಹೊಂಟಿದ್ರು!"

ಗಂಗವ್ವ ಗೋಡೆಗೆ ಒರಗಿದಳು. "ಅದರಾಗ ಹುಟ್ಟಿದ ಕೂಸವ್ವಾ ಅದು," ಎಂದಷ್ಟೇ ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ವತ್ಸಲಾ ಒಳಗೆ ಹೋಗಲು ತಿರುಗಿದವರು ನಿಂತರು. "ಏನಂದ್ರಿ? ಅದೇ ಕೌದೀನ? ಮೊದಲಿನಿಂದಲೂ ಇಕಿ ಹೊಚ್ಚಿಕೊಳ್ತಿದ್ದದ್ದು?"

"ದಿನಾ ಅದರಾಗ ಮಲಗತಿದ್ಲು. ಬೆಕ್ಕು ಮ್ಯಾಲ, ಇಕಿ ಒಳಗ."

"ಆವಾಗ ಒಮ್ಮೆಯೂ ಹಿಂಗ ಆಗಲಿಲ್ಲ."

"ಆಗಲಿಲ್ರಿ. ಅವತ್ತ ನಿಮಗ ಹೇಳಿದ್ನೆಲ್ಲ, ಒಂದು ಸೀನೂ ಬಂದಿಲ್ಲ ಅಂತ."

ವೈದ್ಯೆ ಅಲ್ಲಿದ್ದ ಬೆಂಚಿನ ತುದಿಗೆ ಕುಳಿತರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳುವುದನ್ನು ಮರೆತರು. ದಾಕ್ಷಾಯಿಣಿಗೆ ಅದುವರೆಗೆ ಇದ್ದದ್ದು ಒಂದೇ ಹೆದರಿಕೆ. ಈಗ ವೈದ್ಯೆಯ ಮುಖ ನೋಡಿ ಇನ್ನೊಂದು ಹುಟ್ಟಿತು. ತಿಳಿದವರೇ ಹೆದರಿದರೆ ತಿಳಿಯದವರು ಯಾರ ಕೈ ಹಿಡಿಯಬೇಕು?

"ನೋಡ್ರಿ," ಎಂದರು ವತ್ಸಲಾ ಕೊನೆಗೆ. "ದೇಹಕ್ಕ ಎರಡು ಸ್ವಭಾವ ಇರ್ತಾವ. ಒಂದು ಹುಟ್ಟಿನಿಂದ ಬಂದದ್ದು, ಸಿಟ್ಟು ಅಂತ ತಿಳೀರಿ. ಇನ್ನೊಂದು ಬೆಳೀತಾ ಕಲ್ತದ್ದು, ಗುರುತು ಅನ್ರಿ. ನಿಮ್ಮ ಖಾನಾವಳಿಗೆ ದಿನಾ ಬರೂ ಗಿರಾಕಿ ಹೊತ್ತಲ್ಲದ ಹೊತ್ತಿನಾಗ ಬಾಗಿಲು ಬಡದ್ರೂ ನೀವು ಬೈಯೂದಿಲ್ಲ. ಯಾಕ? ಗುರುತದ. ಇಂಚರಾನ ದೇಹಕ್ಕ ಸಿಟ್ಟು ಬಹಳ. ಮುಂಗಾಣಿ ಓದಿದ್ದು ಅಷ್ಟೇ, ಅದು ಸುಳ್ಳಲ್ಲ. ಆದ್ರ ಕೂಸಿದ್ದಾಗಿಂದ ಬೆಣ್ಣಿ ಮೈಹೊಟ್ಟು ದಿನಾ ಮೂಗಿಗೆ ಬಿದ್ದು ಗುರುತಾಗಿತ್ತು. ಸಿಟ್ಟು ಮಲಗಿತ್ತು."

"ಮತ್ತ?"

"ಬೆಕ್ಕು ಕಳಿಸಿದ್ವಿ. ಗುರುತು ಮರತು ಹೋತು. ಸಿಟ್ಟೊಂದೇ ಉಳೀತು."

ದಾಕ್ಷಾಯಿಣಿ ನಿಧಾನವಾಗಿ ಕೇಳಿದಳು: "ಹಂಗಾರ ನಾ ಬೆಕ್ಕು ಬಿಡಲಾರದ ಇದ್ದಿದ್ರ..."

"ನೀವಲ್ಲ. ನಾನು ಬಿಡಸ್ದೆ." ವತ್ಸಲಾ ಕಾರಿಡಾರಿನ ಉದ್ದಕ್ಕೂ ಮಕ್ಕಳನ್ನು ಎತ್ತಿಕೊಂಡು ಕುಳಿತಿದ್ದ ತಾಯಂದಿರನ್ನು ನೋಡಿದರು. "ಇಕಿಗೆ ಒಬ್ಬಾಕಿಗೆ ಅಲ್ಲ. ಕೆಂಪು ದೀಪ ಬಂದ ಪ್ರತಿ ಮನಿಗೂ ಇದನ್ನೇ ಹೇಳೀನಿ."

ಕೆಂಪು ದೀಪದ ಮಕ್ಕಳ ಮನೆಗಳಿಗೆಲ್ಲ, ಬೆಕ್ಕಿನ ಹಳೆಯ ಹೊಟ್ಟು ಮಗುವಿನ ಹತ್ತಿರ ಬರಗೊಡಬೇಡಿರೆಂದು ಅಂದೇ ಎಚ್ಚರಿಕೆ ಹೋಯಿತು. ಆದರೆ ಎಚ್ಚರಿಕೆಯಿಂದ ಗುರುತು ಮರಳುವುದಿಲ್ಲ. ಹೊರ ಊರುಗಳಲ್ಲಿ ಬೆಕ್ಕುಗಳಿವೆ, ಬಸ್ಸಿನ ಸೀಟಿನಲ್ಲಿ, ಸಹಪಾಠಿಯ ಸ್ವೆಟರಿನಲ್ಲಿ ಮೈಹೊಟ್ಟಿರುತ್ತದೆ. ಇಂಚರಾಳನ್ನು ಎಷ್ಟು ದಿನ ಗಾಜಿನ ಬೀರುವಿನಲ್ಲಿ ಇಡಲಾದೀತು? ವತ್ಸಲಾ ಒಂದು ದಾರಿ ಹೇಳಿದರು. ಮರೆತ ಗುರುತನ್ನು ಮೊದಲಿನಿಂದ ಮಾಡಿಸುವುದು, ಇರುವೆಯ ಹೆಜ್ಜೆಯಲ್ಲಿ. ಮೊದಲು ಕಣ್ಣಿಗೂ ಕಾಣದಷ್ಟು, ಆಮೇಲೆ ಸ್ವಲ್ಪ, ಆಮೇಲೆ ಇನ್ನಷ್ಟು. ಇದಕ್ಕೆ ಅವರು ಮರುಗುರುತು ಎಂದು ಹೆಸರಿಟ್ಟರು. ಮಗುವಿನ ದೇಹ ಒಮ್ಮೆ ಒಪ್ಪಿದ್ದ ಬೆಕ್ಕಿನ ಮೈಹೊಟ್ಟೇ ಆದರೆ ಉತ್ತಮ ಎಂದರು.

"ಮತ್ತ ಅದ ವಿಷಾನ ಕೊಡೂದೇನ್ರಿ?" ದಾಕ್ಷಾಯಿಣಿ ಎದ್ದು ನಿಂತಳು. "ನನ್ನ ಕೈಲೆ ಆಗೂದಿಲ್ರಿ."

"ಮನ್ಯಾಗ ಮಾಡೂದಲ್ಲ ಇದು, ಯಾರೂ ಮಾಡಬಾರದು. ಇಲ್ಲೇ, ನನ್ನ ಕಣ್ಣ ಮುಂದ. ಸೂಜಿ ನಿಮ್ಮ ಕೈಯಾಗ ಕೊಡ್ತೀನಿ, ಚುಚ್ಚೂದು ಕಲಸ್ತೀನಿ. ಒಂದು ಸಿಳ್ಳಿ ಕೇಳಿದ್ರ ನನ್ನ ಕೇಳಬ್ಯಾಡ್ರಿ, ಚುಚ್ಚಿಬಿಡ್ರಿ."

ಕೌದಿ ಬೇಕಾಯಿತು. ಸುಡಲು ಒಪ್ಪದ ಗಂಗವ್ವ ಈಗ ತಾನೇ ಕತ್ತರಿ ಹಿಡಿದು, ತಾನು ಹಾಕಿದ ಹೊಲಿಗೆಗಳನ್ನು ಹೊಟ್ಟು ಹಾರದಂತೆ ಶ್ವಾಸಾಲಯದ ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ ಬಿಚ್ಚಿದಳು. ತಾಯಿಯ ಸೀರೆಯ ತುಂಡು ಒಂದು ಕಡೆ, ಗಂಡನ ಧೋತರ ಇನ್ನೊಂದು ಕಡೆ. ಯಾವ ತುಂಡಿನಲ್ಲಿ ಎಷ್ಟು ಹೊಟ್ಟಿದೆ ಎಂದು ಯಂತ್ರ ಅಳೆಯಿತು. ಬೆಕ್ಕು ಸದಾ ಮಲಗುತ್ತಿದ್ದ ನಡುಭಾಗ ಕೊನೆಗೆ, ಅಂಚು ಮೊದಲಿಗೆ ಎಂದು ಲೆಕ್ಕವಾಯಿತು.

ಮೊದಲ ದಿನ ಅಂಚಿನ ಒಂದೇ ಒಂದು ದಾರವನ್ನು ಕೋಣೆಯ ಆ ತುದಿಯಲ್ಲಿ ಸೀಸೆಯಿಂದ ಹೊರಗೆ ತೆಗೆದರು. ಇಂಚರಾ ಈ ತುದಿಯಲ್ಲಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ದಾಕ್ಷಾಯಿಣಿ ಸೂಜಿಯನ್ನು ಮುಷ್ಟಿಯಲ್ಲಿ ಹಿಡಿದು, ಮಗಳ ಎದೆಯನ್ನೇ ನೋಡುತ್ತ ಕುಳಿತಳು. ಒಂದು ದಾರ. ಅದು ಅವಳ ಕಣ್ಣಿಗೆ ಮಲಗಿದ ಹಾವಿನಂತೆ ಕಾಣುತ್ತಿತ್ತು. ಏನೂ ಆಗಲಿಲ್ಲ. ಮನೆಗೆ ಹೋಗುವಾಗ ಅವಳ ಅಂಗೈಯಲ್ಲಿ ಸೂಜಿಯ ಅಚ್ಚು ಮೂಡಿತ್ತು.

ದಾರ ಬೆರಳಗಲದ ಚಿಂದಿಯಾಯಿತು, ಚಿಂದಿ ಅಂಗೈಯಗಲದ ತುಂಡಾಯಿತು. ನಡುವೆ ಎರಡು ಬಾರಿ ಸೀನು ಬಂದು ಹಿಂದಿನ ಹೆಜ್ಜೆಗೆ ಮರಳಬೇಕಾಯಿತು. ಆ ಎರಡೂ ಸಲ ದಾಕ್ಷಾಯಿಣಿ ಇನ್ನು ಬರುವುದಿಲ್ಲವೆಂದು ಹಟ ಹಿಡಿದಳು, ಎರಡೂ ಸಲ ಮಾರನೆಯ ವಾರ ಎಲ್ಲರಿಗಿಂತ ಮೊದಲು ಬಂದು ಕುಳಿತಳು. ಕಡೆಗೊಂದು ದಿನ ಕೌದಿಯ ನಡುಭಾಗವನ್ನು ಮಗಳು ತೊಡೆಯ ಮೇಲೆ ಹಾಕಿಕೊಂಡು ಕುಳಿತಳು. "ವಾಸನಿ ಹೋಗೇತಿ ಅವ್ವಾ," ಎಂದು ಮುಖ ಸಪ್ಪಗೆ ಮಾಡಿದಳು.

"ಕೌದಿ ಖಾಲಿ ಆತು," ಎಂದರು ವತ್ಸಲಾ. "ಇನ್ನ ಬೆಕ್ಕೇ ಬೇಕು."

ಊರಿನಲ್ಲಿ ಹುಡುಕಿದರೆ ಒಂದು ಬೆಕ್ಕಿಲ್ಲ. ದಾಕ್ಷಾಯಿಣಿ ಅದೇ ತರಕಾರಿ ಬುಟ್ಟಿ ಹಿಡಿದು ಹತ್ತಿ ಗಿರಣಿಗೆ ಹೋದಳು. ದಾರಿಯುದ್ದಕ್ಕೂ ಬೆಕ್ಕು ಸಿಗದಿರಲಿ ಎಂದೂ ಬೇಡಿದಳು, ಸಿಗಲಿ ಎಂದೂ ಬೇಡಿದಳು. ಹತ್ತಿಯ ಮೂಟೆಗಳ ಸಂದಿಯಲ್ಲಿ ಬೆಣ್ಣಿ ಇತ್ತು. ಮೈ ತುಂಬ ಹತ್ತಿಯ ಎಳೆ ಅಂಟಿಸಿಕೊಂಡು, ಕಣ್ಣು ಆಗಷ್ಟೇ ಬಿಟ್ಟ ಮೂರು ಮರಿಗಳಿಗೆ ಹಾಲುಣಿಸುತ್ತಿತ್ತು.

ಅವಳು ನಿಂತಲ್ಲೇ ನಕ್ಕುಬಿಟ್ಟಳು. ತಿಂಗಳುಗಟ್ಟಲೆ ನಗದ ಬಾಯಿ. "ಖರೇನ ಬಾಣಂತನಕ್ಕ ಬಂದೀಯಲ್ಲೇ ನಮ್ಮವ್ವಾ!" ಎಂದು, ಹೆದರುತ್ತಲೇ ಕೈ ಚಾಚಿದಳು. ಬೆಕ್ಕು ಅವಳ ಬೆರಳನ್ನು ಮೂಸಿತು. ಅದಕ್ಕೆ ಗುರುತು ಮರೆತಿರಲಿಲ್ಲ.

ಶ್ವಾಸಾಲಯದ ಕೋಣೆಯಲ್ಲಿ ಎಲ್ಲ ಸಿದ್ಧವಾಗಿತ್ತು. ನರ್ಸುಗಳು, ಮುಖವಾಡ, ಎರಡು ಸೂಜಿ. ಗಂಗವ್ವ ಮೂಲೆಯಲ್ಲಿ ಬಿಚ್ಚಿದ ತುಂಡುಗಳನ್ನೆಲ್ಲ ಒಟ್ಟುಗೂಡಿಸಿ ಮತ್ತೆ ಹೊಲಿಯುತ್ತ ಕುಳಿತಿದ್ದಳು. ಕೊನೆಯ ಮೂಲೆಯೊಂದನ್ನು ಹಾಗೇ ಬಿಟ್ಟಿದ್ದಳು, ಸೆರಗಿನ ಗಂಟಿನಲ್ಲಿ ರೊಟ್ಟಿಯ ತುಣುಕಿತ್ತು. ವತ್ಸಲಾ ತಾವೇ ಬುಟ್ಟಿಯ ಮುಚ್ಚಳ ತೆಗೆದರು.

ನಿದ್ದೆಹೋಗಿದ್ದ ಮರಿಗಳನ್ನು ಬುಟ್ಟಿಯಲ್ಲೇ ಬಿಟ್ಟು ಬೆಣ್ಣಿ ಹೊರಗೆ ಬಂದು ಮೈ ನೀಡಿತು. ಯಂತ್ರಗಳನ್ನೂ ವೈದ್ಯೆಯನ್ನೂ ಲೆಕ್ಕಕ್ಕಿಡದೆ ನೇರ ಮಂಚಕ್ಕೆ ನೆಗೆಯಿತು. ಇಂಚರಾಳ ಹೊಟ್ಟೆಯ ಮೇಲೆ ಎರಡು ಸುತ್ತು ತಿರುಗಿ, ಎಂದಿನ ಜಾಗ ಹುಡುಕಿಕೊಂಡು ಮುದುಡಿ ಮಲಗಿತು. "ಎಷ್ಟು ಮರಿ ಹಾಕೀಯೇ?" ಎಂದು ಮಗು ಅದರ ಕಿವಿಯಲ್ಲಿ ಕೇಳಿತು. ದಾಕ್ಷಾಯಿಣಿ ಮಗಳ ಎದೆಯನ್ನು ನೋಡಿದಳು. ಎದ್ದಿತು. ಇಳಿಯಿತು. ಸದ್ದು ಬರುತ್ತಿತ್ತು, ಅವಳ ಕೈ ಮೇಲೆದ್ದಿತು. ಕಿವಿಗೊಟ್ಟರೆ ಅದು ಬೆಕ್ಕಿನ ಗುರುಗುರು. ಹೊತ್ತು ಸರಿಯಿತು. ಇಂಚರಾ ಬೆಕ್ಕಿನ ಕುತ್ತಿಗೆಯ ಮೇಲೆ ಕೈಯಿಟ್ಟು ನಿದ್ದೆ ಹೋದಳು.

ವತ್ಸಲಾ ಸದ್ದಿಲ್ಲದೆ ಮಗುವಿನ ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿ ಮುಂಗಾಣಿಗೆ ಕೊಟ್ಟರು. ದೀಪ ಹೊತ್ತಿತು. ಕೆಂಪು. ಎಂಟನೆಯ ಮೆಟ್ಟಿಲು.

"ಇದು ಬದಲಾಗೂದಿಲ್ಲ," ಎಂದರು, ಕೆಂಪು ಬೆಳಕು ಬಿದ್ದ ಮಗುವಿನ ಮುಖವನ್ನು ನೋಡುತ್ತ. "ಸಾಯೋತನಕ ಕೆಂಪೇ." ಆಮೇಲೆ ಹೊಲಿಗೆಗೆ ಸೇರದೆ ಉಳಿದಿದ್ದ ಧೋತರದ ಒಂದು ಚೂರನ್ನು ತೆಗೆದು ದೀಪದ ಮೇಲೆ ಮುಚ್ಚಿದರು.

ಗಂಗವ್ವ ಎದ್ದು ಬಂದು ಸೊಸೆಯ ಪಕ್ಕದಲ್ಲಿ ಕುಳಿತಳು. ದಾಕ್ಷಾಯಿಣಿಯ ಮುಷ್ಟಿ ಸೂಜಿಯ ಸುತ್ತ ಕಲ್ಲಾಗಿತ್ತು. ಮುದುಕಿ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಬಿಡಿಸತೊಡಗಿದಳು.

"ಬಿಡವ್ವಾ, ಬಿಡು. ಕೂಸಿಗೆ ತುಂಡ್ ತುಂಡ್ ಕೊಟ್ಟು ರೂಢಿ ಮಾಡಿದ್ವಿ. ನಿನಗ ಯಾರೂ ಮಾಡ್ಲಿಲ್ಲ ನೋಡು."

ಒಂದು ಬೆರಳು ಸಡಿಲವಾಯಿತು. ಇನ್ನೊಂದು. ಮೂರನೆಯದು ಬಹಳ ಹೊತ್ತು ಹಿಡಿಯಿತು. ಅಲ್ಲಿಗೆ ದಾಕ್ಷಾಯಿಣಿ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಉಳಿದ ಎರಡು ಬೆರಳಲ್ಲಿ ಸೂಜಿ ಇನ್ನೂ ನಿಂತಿತ್ತು.

"ಇವತ್ತಿಗೆ ಇಷ್ಟು ಸಾಕ್ರಿ, ಅತ್ತಿ," ಎಂದಳು.